ಎಂಟರ ಸಂಗತಿ ಓದುಗರಿಗೇ ಬಿಟ್ಟಿದೆ

ಅಕ್ಟೋಬರ್ 28, ಮಂಗಳವಾರ

ಅತ್ತೆ ಬಂದಿಳಿದರು. ಕೆಚ್ಕೆಮೇಟಿನಿಂದ ಬುಡಾಪೆಸ್ಟಿಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ತಂದ ಸಾಮಾನು ನೋಡಿದರೆ ಸೈಬೀರಿಯಾಕ್ಕೆ ಹೊರಟವರು ದಾರಿ ತಪ್ಪಿ ನಮ್ಮ ಮನೆಗೆ ಬಂದ ಹಾಗಿತ್ತು. ಒಂದು ಸೂಟ್‌ಕೇಸು, ಒಂದು ಕಂಬಳಿ, ಮೂವತ್ತೊಂದು ಜಾಡಿ. ಏಪ್ರಿಕಾಟ್ ಜಾಮು, ಪ್ಲಮ್, ಸೌತೆ ಉಪ್ಪಿನಕಾಯಿ, ಮತ್ತೆ ಪ್ಲಮ್. ಅವರ ಫ್ಲಾಟಿನ ಬಚ್ಚಲಮನೆ ಪೈಪು ಬದಲಿಸುತ್ತಿದ್ದಾರಂತೆ.

"ಎರಡೇ ವಾರ ಮಗಳೇ. ಒಂದು ಮೂಲೇಲಿ ಬಿದ್ದಿರ್ತೀನಿ. ನಾನಿದೀನಿ ಅಂತ್ಲೇ ನಿಂಗೆ ಗೊತ್ತಾಗಲ್ಲ" ಅಂದರು.

ಬಂದ ಹತ್ತು ನಿಮಿಷಕ್ಕೆ ಕಿಟಕಿಯ ಪರದೆಗಳನ್ನೆಲ್ಲ ಬಿಚ್ಚಿ ಒಗೆಯಲು ಹಾಕಿದರು. ನನ್ನ ಗಂಡ ಕೊರ್ನೇಲ್, ಮೂವತ್ತೊಂಬತ್ತು ವರ್ಷದ ಭೂಗೋಳದ ಮೇಷ್ಟ್ರು, ಅಮ್ಮನ ಮುಂದೆ ಒಂಬತ್ತು ವರ್ಷದವನಾಗಿ ಜಾಮನ್ನು ಚಮಚದಲ್ಲೇ ತಿನ್ನುತ್ತ ನಿಂತಿದ್ದ.

ಡಿಸೆಂಬರ್ ನಾಲ್ಕಕ್ಕೆ ನಮ್ಮ ಗಣಿತ ಸಂಸ್ಥೆಯ ಸೆಮಿನಾರಿನಲ್ಲಿ ನನ್ನ ಉಪನ್ಯಾಸ. ಅದನ್ನು ಕೇಳಿ ಸಮಿತಿಯವರು ನನ್ನ ಕೆಲಸ ಖಾಯಂ ಮಾಡುತ್ತಾರೆ, ಇಲ್ಲವೇ ಹೊಸ ವರ್ಷದಿಂದ ಮನೆಯಲ್ಲಿರು ಅನ್ನುತ್ತಾರೆ. ನನ್ನ ಪ್ರಮೇಯಕ್ಕೆ ನಲವತ್ತೊಂದು ಪುಟ. ಧೈರ್ಯಕ್ಕೆ ಇಲ್ಲೊಮ್ಮೆ ಬರೆದುಕೊಳ್ಳುತ್ತೇನೆ: ಚೆಂಡಿನ ಮೇಲೆ ಒಂದೇ ಅಳತೆಯ ದುಂಡು ಬಿಲ್ಲೆಗಳನ್ನು, ಒಂದರ ಮೇಲೊಂದು ಹತ್ತದಂತೆ, ಒಂದಕ್ಕೊಂದು ತಾಗುವಂತೆ ಕೂರಿಸಿ. ಪ್ರತಿ ಬಿಲ್ಲೆಯನ್ನೂ ಅದರ ಅಕ್ಕಪಕ್ಕದವು ಅಲ್ಲಾಡದಂತೆ ಹಿಡಿದಿದ್ದರೆ ಇಡೀ ಜೋಡಣೆಯೇ ಬಿಗಿ. ಏನು ಮಾಡಿದರೂ ಜಗ್ಗದು. ಎಷ್ಟು ಚೆನ್ನಾಗಿದೆ! ಇದಕ್ಕೆ ಬೇಕಾದದ್ದು ಐದು ವಾರದ ನೆಮ್ಮದಿ, ಅಷ್ಟೇ.

ಅಕ್ಟೋಬರ್ 30, ಗುರುವಾರ

ಫ್ರಿಜ್ಜಿನಲ್ಲಿ ಹಾಲಿಗೆ ಜಾಗವಿಲ್ಲ. ಹೇಳಿದೆ.

"ಜಾಗ ಇಲ್ಲ ಅಂತ ಎಲ್ಲೂ ಇರಲ್ಲ ಎನಿಕೋ. ಜೋಡ್ಸೋಕೆ ಬರಲ್ಲ, ಅಷ್ಟೇ" ಅಂದರು ಅತ್ತೆ.

ಜೋಡಣೆಯಲ್ಲೇ ಡಾಕ್ಟರೇಟ್ ಪಡೆದವಳಿಗೆ ಈ ಮಾತು! ಅತ್ತೆ ಇಪ್ಪತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ಜಾಡಿಗಳಿಗೆ ಏಪ್ರಿಕಾಟ್ ತುಂಬಿಸಿದವರು. ತಾವೂ ಅದೇ ಕಸುಬಿನವರು ಅಂತ ತಿಳಿದಿದ್ದಾರೆ. ಅವರು ಎಲ್ಲವನ್ನೂ ಹೊರಗಿಟ್ಟು, ಮತ್ತೆ ಒಳಗಿಟ್ಟು, ಹಾಲನ್ನೂ ಇಟ್ಟು, ಜೊತೆಗೆ ಒಂದು ಎಲೆಕೋಸನ್ನೂ ತೂರಿಸಿ ಬಾಗಿಲು ಹಾಕಿದರು. ಬಾಗಿಲು ಸಲೀಸಾಗಿ ಮುಚ್ಚಿದ್ದಕ್ಕೇ ನನಗೆ ಹೆಚ್ಚು ಉರಿಯಿತು.

ನವೆಂಬರ್ 3, ಸೋಮವಾರ

ಪೆನ್ಸಿಲಿನ ಮೊನೆ ಮುರಿಯಿತು. ಸಿಟ್ಟಿಗೆ.

ಶನಿವಾರ ಸತ್ತವರ ಹಬ್ಬ. ಮೂವರೂ ಸೇವಂತಿಗೆ ಹಿಡಿದು ಮಾವನ ಸಮಾಧಿಗೆ ಹೋಗಿ ದೀಪ ಇಟ್ಟು ಬಂದೆವು. ಅತ್ತೆ ಸಮಾಧಿಕಲ್ಲಿಗೆ ಪೈಪಿನ ಸಮಾಚಾರವನ್ನೆಲ್ಲ ಹೇಳಿದರು. ಆಗ ನನಗೆ ಪಾಪ ಅನ್ನಿಸಿತ್ತು. ಆ ಪಾಪವನ್ನು ಇವತ್ತು ವಾಪಸು ತೆಗೆದುಕೊಂಡಿದ್ದೇನೆ.

ನನ್ನ ಮೇಜಿನ ಮೇಲೆ ಕೊರ್ನೇಲನ ಹಳೆಯ ಗ್ಲೋಬಿತ್ತು. ಅದರ ಮೇಲೆ ಉಣ್ಣೆಬಟ್ಟೆಯ ಇಪ್ಪತ್ತನಾಲ್ಕು ಹಸಿರು ಬಿಲ್ಲೆಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಂಟಿಸಿದ್ದೆ. ಮೂರು ವಾರದ ಕೆಲಸ. ಉಪನ್ಯಾಸಕ್ಕೆ ಅದನ್ನೇ ಒಯ್ಯುವವಳಿದ್ದೆ. ಇವತ್ತು ಬಂದು ನೋಡಿದರೆ ಗ್ಲೋಬು ಲಕಲಕ ಹೊಳೆಯುತ್ತಿದೆ. ಅಟ್ಲಾಂಟಿಕ್ಕೇ ಅಟ್ಲಾಂಟಿಕ್ಕು. ಒಂದು ಬಿಲ್ಲೆಯೂ ಇಲ್ಲ.

"ಅತ್ತೆ, ಇದರ ಮೇಲಿದ್ದ ಬಿಲ್ಲೆಗಳೆಲ್ಲಿ?"

"ಅಯ್ಯೋ, ಅದಾ? ಎಷ್ಟು ಜಾಣೆ ನೀನು! ಕುರ್ಚಿ ಕಾಲಿಗೆ ಅಂತ ಅಳತೆಗೆ ಸರಿಯಾಗಿ ಕತ್ತರಿಸಿಟ್ಟಿದೀಯ. ಅಂಟಿಸೋಕೆ ನಿಂಗೆ ಪುರುಸೊತ್ತಿಲ್ಲ ಅಂತ ನಾನೇ ಅಂಟಿಸ್ದೆ. ಆರು ಕುರ್ಚಿ, ನಾಲ್ಕ್ ನಾಲ್ಕು ಕಾಲು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ!"

ಕೊರ್ನೇಲ್ ಕುರ್ಚಿಯನ್ನು ಹಿಂದೆ ಮುಂದೆ ಎಳೆದು, "ಸದ್ದೇ ಇಲ್ಲ ನೋಡೆ" ಅಂದ. ಆ ಕುರ್ಚಿಯನ್ನೇ ಎತ್ತಿ ಅವನ ತಲೆ ಮೇಲೆ ಹಾಕಬೇಕು ಅನ್ನಿಸಿತು.

ನವೆಂಬರ್ 4

ಕುರ್ಚಿಗಳು ಸದ್ದು ಮಾಡುತ್ತಿಲ್ಲ ಎಂಬುದು ನಿಜ. ಆದರೆ ಅದು ಬೇರೆ ವಿಷಯ.

ನವೆಂಬರ್ 12, ಬುಧವಾರ

ನಮ್ಮ ಸಂಸ್ಥೆಯ ಹಿರಿಯರಾದ ಬೋಲ್ದಿಝಾರ್ ಮೇಷ್ಟ್ರು, ಓದಿ ನೋಡಲು ಕೊಟ್ಟಿದ್ದ ನನ್ನ ನಲವತ್ತೊಂದು ಪುಟ ವಾಪಸು ಕೊಟ್ಟರು. "ಬಿಗಿಯಾಗಿದೆ, ಭಾಳ ಬಿಗಿಯಾಗಿದೆ" ಅಂದರು. ಎಪ್ಪತ್ತೆಂಟು ವರ್ಷದ ಆ ಮನುಷ್ಯ ಹೂಂ ಅಂದರೆ ಸಮಿತಿಯಲ್ಲಿ ಊಹೂಂ ಅನ್ನುವವರಿಲ್ಲ. ಪುಟಗಳ ತುಂಬ ಪೊಗಾಚಾ ಪುಡಿ. ಬಾಯಲ್ಲಿ ಆ ಖಾರದ ಬಿಸ್ಕತ್ತು ಇಲ್ಲದೆ ಅವರಿಗೆ ಗಣಿತ ಹೋಗುವುದಿಲ್ಲ. ಹದಿನಾರನೇ ಪುಟದವರೆಗೆ ಪುಡಿ ಇದೆ, ಆಮೇಲೆ ಪುಟಗಳು ಚೊಕ್ಕ. ಮುಂದಿನದನ್ನು ಕೈ ತೊಳೆದುಕೊಂಡು ಓದಿರಬೇಕು.

ನಿನ್ನೆ ನಮ್ಮಲ್ಲಿ ಬಾತುಕೋಳಿ ತಿನ್ನುವ ಹಬ್ಬ; ಖುಷಿಗೆ, ಉಳಿದಿದ್ದ ಬಾತುಕೋಳಿಯ ಕಾಲನ್ನು ನಿಂತೇ ತಿಂದು ಮುಗಿಸಿದೆ. ಅತ್ತೆ ನೋಡಿ, "ಅಬ್ಬಾ, ಕೊನೆಗೂ ಏನೋ ತಿಂತಾಳೆ" ಅಂತ ಶಿಲುಬೆ ಗುರುತು ಮಾಡಿಕೊಂಡರು. ಎರಡು ವಾರ ಮುಗಿಯಿತು. ಪೈಪಿನ ಸುದ್ದಿ ಇಲ್ಲ.

ನವೆಂಬರ್ 20, ಗುರುವಾರ

ಇವತ್ತು ಯೋಲಾನ್ ಹೆಸರಿನವರ ಹಬ್ಬ, ಅಂದರೆ ನಮ್ಮ ಅತ್ತೆಯದು. ಹೂ ತಂದೆ, ಕೇಕು ತಂದೆ, ಕೆನ್ನೆಗೆ ಮುತ್ತು ಕೊಟ್ಟೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಕೇಕು ಕತ್ತರಿಸುತ್ತ ಅತ್ತೆ ಅಂದರು:

"ಎನಿಕೋ, ಆ ಎಂಟು ನಿಲ್ಲಲ್ಲ ಕಣೆ."

"ಯಾವ ಎಂಟು?"

"ನಿನ್ನ ಹದಿನೇಳನೇ ಪುಟದ್ದು. ಅಡುಗೆಮನೆ ಮೇಜಿನ ಮೇಲೆ ಬಿಟ್ಟು ಹೋಗಿದ್ಯಲ್ಲ. ಮಿಕ್ಕಿದ್ದೆಲ್ಲ ಗ್ರೀಕಕ್ಷರ, ನಂಗೇನೂ ತಿಳೀಲಿಲ್ಲ. ಒಂದು ಸಾಲು ಮಾತ್ರ ತಿಳೀತು. 'ಬಿಲ್ಲೆಗಳು ಎಂಟಿರುವಾಗಿನ ಸಂಗತಿ ಸರಳ. ಅದನ್ನು ಓದುಗರಿಗೇ ಬಿಟ್ಟಿದೆ' ಅಂತ. ಓದ್ತಾ ಇರೋಳು ನಾನೇ ತಾನೆ? ನಂಗೇ ಬಿಟ್ಟಿದೀಯ ಅಂತ ಕೂತು ಮಾಡಿ ನೋಡ್ದೆ. ಕೆಳಗೆ ನಾಲ್ಕು, ನೇರ ಅದರ ತಲೆ ಮೇಲೆ ನಾಲ್ಕು. ನಿಲ್ಲಲ್ಲ."

ನಮ್ಮ ಕಸುಬಿನಲ್ಲಿ ಆ ಸಾಲು ಬರೆಯದವರು ಯಾರು? ಅದರ ಅರ್ಥ ಇಷ್ಟೇ: ಬರೆಯಲು ನನಗೆ ಬೇಜಾರು, ಓದಲು ನಿಮಗೂ ಬೇಜಾರು, ಇಬ್ಬರೂ ಮುಂದೆ ಹೋಗೋಣ. ಅದನ್ನು ಓದಿ ಯಾರಾದರೂ ನಿಜಕ್ಕೂ ಮಾಡಿ ನೋಡುತ್ತಾರೆಯೇ! ನಾನು ನಗಬೇಕಿತ್ತು. ಕಿರುಚಿದೆ.

"ಅತ್ತೆ, ಇದು ಉಪ್ಪಿನಕಾಯಿ ಜಾಡಿ ಅಲ್ಲ! ನಲವತ್ತೊಂದು ಪುಟ! ದೊಡ್ಡ ದೊಡ್ಡವರು ಓದಿ ಒಪ್ಪಿದಾರೆ!"

"ಒಪ್ಪಿರ್ಬೋದು ತಾಯಿ" ಅಂದು ಅತ್ತೆ ನನ್ನ ತಟ್ಟೆಗೆ ದೊಡ್ಡ ತುಂಡು ಹಾಕಿ, ತಮ್ಮ ಚೂರನ್ನು ಹಿಡಿದು ಕೋಣೆಗೆ ಹೋದರು. ಹೆಸರಿನ ಹಬ್ಬದ ದಿನ. ಕೊರ್ನೇಲ್ ನನ್ನನ್ನು ನೋಡಿದ ನೋಟ ಹೇಗಿತ್ತೆಂದು ಬರೆಯುವುದಿಲ್ಲ.

ನವೆಂಬರ್ 21

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮನೆ ನಿಶ್ಶಬ್ದ. ಕುರ್ಚಿಗಳೂ ನಿಶ್ಶಬ್ದ. ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗದು. ಏನೂ ಮಾಡಲಿಲ್ಲ.

ನವೆಂಬರ್ 25, ಮಂಗಳವಾರ

ದೇವರೇ.

ಅತ್ತೆ ಪ್ಲಮ್ ಉಂಡೆ ಮಾಡಿದರು. ಆಲೂಗಡ್ಡೆ ಹಿಟ್ಟಿನೊಳಗೆ ಪ್ಲಮ್ಮು, ಮೇಲೆ ಹುರಿದ ಬ್ರೆಡ್ ಪುಡಿ. ಮಾತು ಬಿಟ್ಟಿದ್ದರೂ ನನ್ನ ಪಾಲಿನದು ತಟ್ಟೆಯಲ್ಲಿತ್ತು. ಆಮೇಲೆ ಕೊರ್ನೇಲನ ನಾಳಿನ ಊಟದ ದುಂಡು ಡಬ್ಬಿಗೆ ಎಂಟು ಉಂಡೆ ಹಾಕತೊಡಗಿದರು. ಕೆಳಗೆ ನಾಲ್ಕು, ನೇರ ಅವುಗಳ ತಲೆ ಮೇಲೆ ನಾಲ್ಕು. ಮುಚ್ಚಳ ಕೂರಲಿಲ್ಲ. ಕೊರ್ನೇಲ್ ಬೆರಳಿನಿಂದ ಒಂದೊಂದನ್ನೇ ಒತ್ತಿ ನೋಡಿದ. ಒಂದೂ ಸರಿಯಲೊಲ್ಲದು. "ಒಂದು ತಿಂದ್ಬಿಡ್ತೀನಿ ಅಮ್ಮಾ" ಅಂದ.

"ಕೈ ತೆಗಿ" ಅಂದರು ಅತ್ತೆ. ಅಂಗೈಯನ್ನು ಮೇಲಿನ ನಾಲ್ಕರ ಮೇಲೂ ಅಗಲವಾಗಿ ಇಟ್ಟು, ಜಾಡಿಯ ಮುಚ್ಚಳ ತೆಗೆಯುವ ಹಾಗೆ ಸ್ವಲ್ಪ ತಿರುಗಿಸಿದರು. ನಾಲ್ಕೂ ಒಟ್ಟಿಗೆ ತಿರುಗಿ ಕೆಳಗಿನವುಗಳ ಸಂದಿಯಲ್ಲಿ ಕುಳಿತವು. ಮುಚ್ಚಳ ಟಕ್ಕೆಂದು ಬಿತ್ತು.

ನನ್ನ ಬಾಯಲ್ಲಿದ್ದ ಉಂಡೆ ಹಾಗೇ ಇತ್ತು. ಒಂದೊಂದಾಗಿ ಯಾವುದೂ ಅಲ್ಲಾಡುವುದಿಲ್ಲ. ನಾಲ್ಕೂ ಸೇರಿದರೆ ಸಲೀಸು. ಹದಿನೇಳನೇ ಪುಟ. ನಾಲ್ಕನೇ ಉಪಪ್ರಮೇಯ. ಅದು ಬಿದ್ದರೆ ಅದರ ಮೇಲೆ ಕೂತಿರುವ ಇಪ್ಪತ್ತನಾಲ್ಕು ಪುಟವೂ ಬಿತ್ತು.

ನವೆಂಬರ್ 26, ಬುಧವಾರ

ಉಂಡೆಗಳ ನಡುವೆ ಚೆಂಡು ಇರಲಿಲ್ಲವಲ್ಲ ಎಂಬ ಒಂದೇ ಆಸೆ ಉಳಿದಿತ್ತು. ಬೆಳಿಗ್ಗೆ ಅತ್ತೆಯ ಕೋಣೆಗೆ ಹೋಗಿ, "ಅತ್ತೆ, ನಾಲ್ಕು ಕೈ ಬೇಕು" ಅಂದೆ. ಕ್ಷಮಿಸಿ ಅನ್ನಲು ಹೋದದ್ದು. ಬಾಯಿಗೆ ಬಂದದ್ದು ಇದು.

"ನಿಂದೆರಡು, ನಂದೆರಡು. ಸರಿ ಹೋಯ್ತಲ್ಲ" ಅಂತ ಎದ್ದು ಬಂದರು.

ಸಂತ ಮಿಕುಲಾಶನ ಹಬ್ಬಕ್ಕೆ ಕಿಟಕಿಯಲ್ಲಿಟ್ಟ ಮಕ್ಕಳ ಬೂಟಿನಲ್ಲಿ ಹಣ್ಣು ತುಂಬುವುದು ಪದ್ಧತಿ; ಮಗನ ಬೂಟಿಗೆ ಅಂತ ಅತ್ತೆ ಈಗಲೇ ಕಿತ್ತಳೆ, ಅಕ್ರೋಟು ತಂದಿಟ್ಟಿದ್ದಾರೆ. ಹೌದು, ಮೂವತ್ತೊಂಬತ್ತು ವರ್ಷದ ಮಗನ ಬೂಟು. ಅದರಿಂದ ಎಂಟು ಸಣ್ಣ ಕಿತ್ತಳೆ, ಒಂದು ದಪ್ಪ ಅಕ್ರೋಟು ಕದ್ದೆವು. ನಡುವೆ ಅಕ್ರೋಟು, ಅದನ್ನು ಮುಟ್ಟುವಂತೆ ಸುತ್ತ ಎಂಟು. ಅತ್ತೆ ಕೆಳಗಿನ ನಾಲ್ಕನ್ನು ಎರಡು ಕೈಯಲ್ಲಿ ಹಿಡಿದರು, ನಾನು ಮೇಲಿನ ನಾಲ್ಕನ್ನು. ಬಿಲ್ಲೆಯಾದರೇನು, ಕಿತ್ತಳೆಯಾದರೇನು, ಲೆಕ್ಕ ಒಂದೇ. ಒಂದೊಂದು ಕಿತ್ತಳೆಯನ್ನೇ, ಅಕ್ರೋಟು ಬಿಟ್ಟು ಏಳದಂತೆ, ಪಕ್ಕಕ್ಕೆ ತಳ್ಳು ಅಂತ ಕೊರ್ನೇಲನಿಗೆ ಹೇಳಿದೆ. ತಳ್ಳಿದ. ಒಂದೂ ಹೋಗಲಿಲ್ಲ. ನಾನು ನಾಲ್ಕನ್ನೂ ಸೇರಿಸಿ ತಿರುಗಿಸಿದೆ. ತಿರುಗಿದವು. ತಿರುಗಿದ ಮೇಲೆ ಮೊದಲಿಗಿಂತ ಹೆಚ್ಚು ಜಾಗ ಉಳಿಯಿತು.

ಸೋತುಹೋದೆ ಅಂತ ಅತ್ತುಬಿಟ್ಟೆ. ಕೈ ಬಿಡುವಂತಿರಲಿಲ್ಲ, ಆದ್ದರಿಂದ ನನ್ನ ಮೂಗನ್ನು ಅತ್ತೆಯೇ ತಮ್ಮ ಹೆಗಲಿನಿಂದ ಒರೆಸಿದರು.

ನವೆಂಬರ್ 28, ಶುಕ್ರವಾರ

ಕೊರ್ನೇಲ್ ಹೇಳುವುದೇನೆಂದರೆ: "ಸುಮ್ನಿರು. ಮೇಷ್ಟ್ರೇ ಒಪ್ಪಿದಾರೆ. ಯಾರೂ ಹದಿನೇಳನೇ ಪುಟಕ್ಕೆ ಹೋಗಲ್ಲ. ಖಾಯಂ ಆಗ್ಲಿ, ಆಮೇಲೆ ತಿದ್ಕೊಂಡ್ರಾಯ್ತು."

ಕೇಳಲು ಹಿತವಾಗಿತ್ತು. ನಿಜ ಹೇಳುತ್ತೇನೆ, ತುಂಬ ಹಿತವಾಗಿತ್ತು. ಹೊಸ ವರ್ಷದಿಂದ ಕೆಲಸವಿಲ್ಲ ಅನ್ನುವುದೂ ನೆನಪಿತ್ತು.

ಅತ್ತೆ ಆಲೂಗಡ್ಡೆ ಸುಲಿಯುತ್ತ ಮಗನಿಗೆ ಅಂದರು: "ಮುಚ್ಚಳ ಉಬ್ಬಿರೋ ಜಾಡೀನ ಕಪಾಟಿನ ಹಿಂದಕ್ಕೆ ತಳ್ಳಿದ್ರೆ ಸರಿಹೋಗುತ್ತೇನೋ? ನಾವು ಒಂದು ಜಾಡಿ ಕೆಟ್ರೆ ಅವತ್ತಿನ ಅಷ್ಟೂ ಜಾಡೀನ ವಾಪಸ್ ತರಿಸ್ತಿದ್ವಿ. ಅಳ್ತಾ ತರಿಸ್ತಿದ್ವಿ. ಆದ್ರೂ ತರಿಸ್ತಿದ್ವಿ."

ಹೇಳಿದ್ದು ಮಗನಿಗೆ, ತಾಗಿದ್ದು ನನಗೆ. ಅದೇ ತೊಂದರೆ.

ಮಧ್ಯಾಹ್ನ ಕೆಚ್ಕೆಮೇಟಿನಿಂದ ಅತ್ತೆಯ ಕಟ್ಟಡ ನೋಡಿಕೊಳ್ಳುವಾತ ಫೋನ್ ಮಾಡಿದ್ದ. ಬಚ್ಚಲಮನೆ ಕೆಲಸ ಹದಿನಾಲ್ಕನೇ ತಾರೀಕಿಗೇ ಮುಗಿದಿದೆಯಂತೆ. "ಅಮ್ಮಾವ್ರಿಗೆ ಅವತ್ತೇ ಹೇಳಿದ್ದೆ, ಬೀಗದಕೈ ಇಸ್ಕೊಳಕ್ಕೆ ಬರ್ಲೇ ಇಲ್ಲ" ಅಂದ. ಎರಡು ವಾರದ ಹಿಂದೆಯೇ! ಊಟಕ್ಕೆ ಕೂತಾಗ ಕೊರ್ನೇಲ್ ಪೈಪು ಎಲ್ಲಿಗೆ ಬಂತು ಅಂತ ಕೇಳಿದ.

"ಪೈಪಿನವರು ಗೊತ್ತಲ್ಲ, ಎಳೀತಾರೆ. ಇನ್ನೂ ಹತ್ತು ದಿನ ಅಂತೆ" ಅಂದೆ. ಅತ್ತೆ ತಲೆ ಎತ್ತದೆ ಸೂಪನ್ನೇ ನೋಡುತ್ತಿದ್ದರು. ಹಾಗಂದದ್ದಕ್ಕೆ ಕಾರಣವಿದೆ. ಉಪನ್ಯಾಸಕ್ಕೆ ನಾಲ್ಕು ಕೈ ಬೇಕಾಗಬಹುದು.

ಡಿಸೆಂಬರ್ 4, ಗುರುವಾರ

ಬರೆದುಬಿಡುತ್ತೇನೆ, ಆಮೇಲೆ ಸರಿಯಾಗಿ ನೆನಪಿರುವುದಿಲ್ಲ.

ಉಪನ್ಯಾಸ ಮಾಡುವವರೇ ಪೊಗಾಚಾ ತರುವುದು ನಮ್ಮಲ್ಲಿ ಪದ್ಧತಿ. ಅತ್ತೆ ಅರವತ್ತು ಮಾಡಿದ್ದರು. ಅದನ್ನು ಹೊತ್ತುಕೊಂಡು, ಒಳ್ಳೆಯ ಟೋಪಿ ಹಾಕಿಕೊಂಡು, ಮೊದಲ ಬೆಂಚಿನಲ್ಲಿ ಸಮಿತಿಯ ಮೂವರ ಪಕ್ಕದಲ್ಲೇ ಕೂತರು. ಯಾರೂ ಏನೂ ಕೇಳಲಿಲ್ಲ. ಯಾವುದೋ ಹೊರದೇಶದ ದೊಡ್ಡ ಗಣಿತಜ್ಞೆ ಅಂದುಕೊಂಡಿರಬೇಕು. ಬೋಲ್ದಿಝಾರ್ ಮೇಷ್ಟ್ರು ಎಂದಿನಂತೆ ಮೂಲೆಯಲ್ಲಿ ಎರಡು ಪೊಗಾಚಾ ಹಿಡಿದು ಕಣ್ಣು ಮುಚ್ಚಿದರು.

ಹಲಗೆಯ ಮೇಲೆ ಪ್ರಮೇಯವನ್ನು ದೊಡ್ಡದಾಗಿ ಬರೆದೆ. ಎಲ್ಲರೂ ತಲೆದೂಗಿದರು. ಆ ತಲೆಗಳನ್ನೊಮ್ಮೆ ನೋಡಿದೆ. ಇನ್ನೊಂದು ನಿಮಿಷ ಸುಮ್ಮನಿದ್ದರೆ ಸಾಕಿತ್ತು, ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದೆ. ಅತ್ತೆ ಮಡಿಲಲ್ಲಿ ಕಿತ್ತಳೆಯ ಚೀಲ ಇಟ್ಟುಕೊಂಡು, ತರಬೇಕೋ ಬೇಡವೋ ಅಂತ ನನ್ನನ್ನೇ ನೋಡುತ್ತಿದ್ದರು. ಪ್ರಮೇಯದ ಮೇಲೆ ಅಡ್ಡಗೀಟು ಎಳೆದೆ.

"ಇದು ಸುಳ್ಳು" ಅಂದೆ. ದನಿ ಕೋಳಿಯ ದನಿಯಾಗಿತ್ತು.

ಮೇಷ್ಟ್ರ ಒಂದು ಕಣ್ಣು ತೆರೆಯಿತು. "ಯಾವ ಪುಟ?"

"ಹದಿನೇಳು."

"ಓ. ನಾನು ಹದಿನಾರರವರೆಗೂ ಓದಿದ್ದೆ. ಪೊಗಾಚಾ ಮುಗೀತು."

ಯಾರೋ ನಕ್ಕರು. ಸಮಿತಿಯವರು ನಗಲಿಲ್ಲ. ನಾನು ಅತ್ತೆಯನ್ನು ಕರೆದೆ. ಟೋಪಿ ಸಮೇತ ಬಂದರು. ಕೆಳಗಿನ ನಾಲ್ಕು ಅವರದು, ಮೇಲಿನ ನಾಲ್ಕು ನನ್ನದು, ನಡುವೆ ಅಕ್ರೋಟು. ಒಂದೊಂದನ್ನೂ ತಳ್ಳಿ ನೋಡಲು ಮೇಷ್ಟ್ರನ್ನೇ ಕೇಳಿಕೊಂಡೆ. ಬೆರಳಿನಿಂದ ಎಂಟನ್ನೂ ಬಿಡದೆ ತಿವಿದರು. "ಅಲ್ಲಾಡಲ್ಲ" ಅಂತ ಎಂಟು ಸಲ ಹೇಳಿದರು. ಆಮೇಲೆ ನಾನು ತಿರುಗಿಸಿದೆ. ನನ್ನ ಕೈ ಬೆವೆತಿತ್ತು. ತಿರುಗಿದ್ದೇನೋ ತಿರುಗಿತು, ಒಂದು ಕಿತ್ತಳೆ ಚಿಮ್ಮಿ ಸಮಿತಿಯ ಅಧ್ಯಕ್ಷರ ತೊಡೆಗೆ ಬಿತ್ತು.

ಮೇಷ್ಟ್ರು ಕೇಳಿದರು: "ಎಂಟರ ಸಂಗತಿ ನೋಡಿದ್ದು ಯಾರು?"

"ಓದುಗರು" ಅಂತ ಅತ್ತೆಯನ್ನು ತೋರಿಸಿದೆ.

ಅತ್ತೆಗೆ ಗಾಬರಿಯಾಯಿತು. "ಓದುಗರಿಗೇ ಬಿಟ್ಟಿದೆ ಅಂತ ಬರ್ದಿತ್ತು ಸ್ವಾಮಿ. ನಂಗೆ ಅಂತ ಬಿಟ್ಟಿದ್ದನ್ನ ಹಾಗೇ ಬಿಡೋಕಾಗುತ್ತಾ?"

ಮೇಷ್ಟ್ರು ಎದ್ದು ನಿಂತರು. ಸೆಮಿನಾರಿನ ನಡುವೆ ಅವರು ಎದ್ದದ್ದನ್ನು ನಾನು ಕಂಡಿರಲಿಲ್ಲ. "ಐವತ್ತು ವರ್ಷದಿಂದ ನಾನೂ ಆ ಸಾಲು ಬರೀತಾ ಬಂದಿದೀನಿ ತಾಯಿ. ಮಾಡಿ ನೋಡಿದ ಓದುಗರನ್ನ ಇವತ್ತೇ ನೋಡ್ತಿರೋದು" ಅಂತ, ಬಗ್ಗಿ, ಕಿತ್ತಳೆ ರಸ ಸುರಿಯುತ್ತಿದ್ದ ಅತ್ತೆಯ ಕೈಗೆ ಮುತ್ತಿಟ್ಟರು. ಅತ್ತೆಯ ಕಿವಿ ಕೆಂಪಾಗಿಹೋಯಿತು.

ತೀರ್ಪು: ಖಾಯಂ ಇಲ್ಲ. ಒಂದು ವರ್ಷ ಮುಂದುವರಿಕೆ. ಅಷ್ಟರಲ್ಲಿ, ಎಷ್ಟು ಬಿಲ್ಲೆಯ ಯಾವ ಜೋಡಣೆ ಹೀಗೆ ಕೂಡಿ ತಿರುಗುತ್ತದೆ, ಯಾವುದು ತಿರುಗುವುದಿಲ್ಲ ಎಂದು ಹೊಸದಾಗಿ ಬರೆದು ತರಬೇಕು. ಒಂದು ಸಂಗತಿಯನ್ನೂ ಯಾರಿಗೂ ಬಿಡಬಾರದು ಅಂತ ಅಧ್ಯಕ್ಷರು ಕಿತ್ತಳೆ ವಾಪಸು ಕೊಡುತ್ತ ಹೇಳಿದರು.

ಟ್ರಾಮಿನಲ್ಲಿ ಅತ್ತೆ, "ನಾನು ಬಾಯಿ ಮುಚ್ಕೊಂಡಿದ್ದಿದ್ರೆ ನಿಂಗೆ ಕೆಲ್ಸ ಆಗ್ತಿತ್ತು" ಅಂದರು. "ಸುಮ್ನಿರಿ ಅತ್ತೆ" ಅಂದೆ. ಉಳಿದಿದ್ದ ಪೊಗಾಚಾ ಇಬ್ಬರೂ ತಿಂದೆವು.

ಡಿಸೆಂಬರ್ 6, ಶನಿವಾರ

ಮಿಕುಲಾಶನ ಹಬ್ಬ. ಬೆಳಿಗ್ಗೆ ಕಿಟಕಿಯಲ್ಲಿ ಕೊರ್ನೇಲನ ಬೂಟಿನ ಪಕ್ಕ ನನ್ನ ಬೂಟೂ ಇತ್ತು. ನಾನಂತೂ ಇಟ್ಟಿರಲಿಲ್ಲ. ಪಾಲಿಶ್ ಬೇರೆ. ಒಳಗೆ ಎಂಟು ಕಿತ್ತಳೆ, ಒಂದು ಅಕ್ರೋಟು, ಮತ್ತು ಹಟಮಾರಿ ಮಕ್ಕಳಿಗೆ ಇಡುವ ಕಡ್ಡಿಕಟ್ಟು. ಕೊರ್ನೇಲನಿಗೆ ಕಡ್ಡಿಕಟ್ಟು ಇಲ್ಲ. ಇದು ಅನ್ಯಾಯ.

ಡಿಸೆಂಬರ್ 8, ಸೋಮವಾರ

ಪೈಪು ಮುಗಿಯಿತಂತೆ. ಅತ್ತೆಯೇ ಹೇಳಿದರು, ನಾನು ಆಶ್ಚರ್ಯಪಟ್ಟೆ. ಸ್ಟೇಷನ್ನಿಗೆ ಬಿಟ್ಟು ಬಂದೆ. ಒಂದು ಸೂಟ್‌ಕೇಸು, ಒಂದು ಕಂಬಳಿ, ಖಾಲಿ ಜಾಡಿಗಳು.

ಮನೆ ಮತ್ತೆ ನನ್ನದಾಯಿತು. ಎಂಥ ಆರಾಮ! ಹಾಲು ತೆಗೆಯಲು ಹೋಗಿ ಫ್ರಿಜ್ಜಿನ ಮೂರು ಜಾಡಿ ಹೊರಗಿಟ್ಟೆ. ಮತ್ತೆ ಒಳಗೆ ಹೋಗಲಿಲ್ಲ. ಮುಕ್ಕಾಲು ಗಂಟೆ ಒದ್ದಾಡಿದೆ. ಎಲೆಕೋಸು ಈಗ ಬಾಲ್ಕನಿಯಲ್ಲಿದೆ.

ಡಿಸೆಂಬರ್ 11, ಗುರುವಾರ

ಹೊಸ ಬರವಣಿಗೆ ಶುರು ಮಾಡಿದೆ. ಎಂಟರದು ಚೆನ್ನಾಗಿ ಬಂತು. ಕೆಳಗೆ ಅತ್ತೆಯ ಹೆಸರು ಹಾಕಿ, ಪರಿಶೀಲಿಸಿದವರು ಅಂತ ಬರೆದೆ. ಆಮೇಲೆ ಕೈ ತನ್ನ ಪಾಡಿಗೆ ತಾನು "ಒಂಬತ್ತರ ಸಂಗತಿಯನ್ನು ಓದುಗರಿಗೇ" ಎಂದು ಬರೆಯತೊಡಗಿತು. ಅಲ್ಲಿಗೇ ನಿಲ್ಲಿಸಿ ಕೆಚ್ಕೆಮೇಟಿಗೆ ಫೋನ್ ಮಾಡಿದೆ.

"ಅತ್ತೆ, ನಿಮ್ಮ ಅಡುಗೆಮನೆ ಪೈಪು ಹೇಗಿದೆ?"

"ಯಾಕೆ? ಚೆನ್ನಾಗೇ ಇದೆ."

"ಬಚ್ಚಲಿಂದು ಕೆಟ್ಟಿತ್ತು ಅಂದ್ರೆ ಅಡುಗೆಮನೇದೂ ಅದೇ ಕಾಲದ್ದಲ್ವಾ? ಸರಿಯಾಗಿ ನೋಡಿದೀರಾ?"

ಆ ಕಡೆ ಅತ್ತೆ ನಲ್ಲಿಯ ಹತ್ತಿರ ಹೋದದ್ದು ಕೇಳಿಸಿತು. ಒಂದು ಹನಿ ನೀರು ಬೀಳುವ ಸದ್ದೂ ಇಲ್ಲ.

"ಹೌದು ಮಗಳೇ" ಅಂದರು ಅತ್ತೆ. "ಈಗ ನೋಡಿದ್ರೆ ಸೋರ್ತಾ ಇರೋ ಹಾಗಿದೆ."

"ರಿಪೇರಿಗೆ ಎಷ್ಟು ದಿನ ಆಗ್ಬೋದು?"

"ಎರಡೇ ವಾರ."

ಫ್ರಿಜ್ಜಿನ ಕೆಳಗಿನ ಎರಡು ಖಾನೆ ಖಾಲಿ ಮಾಡಿದೆ. ಒಂಬತ್ತರ ಸಂಗತಿಗೆ ನಾಲ್ಕು ಕೈ ಬೇಕು, ಅದಕ್ಕೆ.